ಒರೆಸುವ ಮುನ್ನ

ಎರಡನೆಯ ಸಲ ಯಾಕೆ ಒತ್ತಬೇಕಾಯಿತು? ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡು, ರೇಜರನ್ನು ಕಿವಿಯ ಬುಡಕ್ಕೆ ಇಟ್ಟವನು ಹಾಗೆಯೇ ನಿಂತುಬಿಟ್ಟ. ನಿನ್ನೆ ಮಧ್ಯಾಹ್ನ ಕೆಲಸದಲ್ಲಿ ಅಕ್ಕನ ಕುರ್ಚಿಯಲ್ಲಿ, ಅವಳ ಕಂಪ್ಯೂಟರಿನ ಮುಂದೆ ಕೂತು, ತಾನೇ ಬರೆದ ಕಮಾಂಡಿನ ಕೀ ಒತ್ತಿದಾಗ ಪರದೆ ರೆಪ್ಪೆ ಬಡಿದ ಹಾಗೆ ಒಮ್ಮೆ ಮಿನುಗಿತ್ತು. ಆದರೆ ಅಳಿಸಬೇಕೆಂದಿದ್ದ ಫೈಲು ಇದ್ದಲ್ಲೇ ಇತ್ತು. ಬೆರಳು ಸರಿಯಾಗಿ ತಾಗಲಿಲ್ಲವೇನೋ ಎಂದುಕೊಂಡು ಮತ್ತೆ ಒತ್ತಿದ್ದ. ಆಗ ಹೋಯಿತು. ಹೋಯಿತಲ್ಲ, ಸರಿ, ಎಂದು ಎದ್ದು ಊಟಕ್ಕೆ ನಡೆದಿದ್ದ. ಸಂಜೆ ಬಸ್ಸು ಹಿಡಿದು ಮನೆಗೆ ಬಂದು ಅಪ್ಪನ ಜೊತೆ ಟೀವಿಯ ಮುಂದೆ ಕೂತು, ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದ. ಈಗ, ಬೆಳಗಿನ ಈ ಪೆದ್ದು ಹೊತ್ತಿನಲ್ಲಿ, ಪ್ರಶ್ನೆ ಬೆರಳಿನಿಂದಲೇ ಹತ್ತಿ ಬಂದ ಹಾಗಿತ್ತು. ಬೆರಳಿಗೆ ಗೊತ್ತಿತ್ತು. ಮೊದಲ ಸಲವೇ ಅದು ಸರಿಯಾಗಿ ತಾಗಿತ್ತು. ತಾಗಿದ್ದಕ್ಕೇ ಪರದೆ ಮಿನುಗಿದ್ದು. ಮಿನುಗಿತೆಂದರೆ ಕಮಾಂಡು ಓಡಿದೆ. ಓಡಿದೆಯೆಂದರೆ ಏನೋ ಅಳಿದಿದೆ. ಏನು?

ಅವನು ಕೆಲಸ ಮಾಡುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ದನಿ ಕೂಡಿಡುವ ಕೋಣೆಯಲ್ಲಿ. ಗಂಟಲಿನ ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾಗಿ ಬಂದವರು ಆಪರೇಷನ್ನಿಗೆ ಮೊದಲು ಅಲ್ಲಿ ಬಂದು ಕೂತು ಮಾತಾಡುತ್ತಾರೆ; ಮುಂದೆ ಅವರು ಟೈಪು ಮಾಡಿದ್ದನ್ನು ಒಂದು ಪುಟ್ಟ ಯಂತ್ರ ಅವರದೇ ದನಿಯಲ್ಲಿ ನುಡಿಯುತ್ತದೆ. ಮಾತಾಡಿಸಿ ರೆಕಾರ್ಡು ಮಾಡಿಕೊಳ್ಳುವವಳು ಅಕ್ಕ. ಸ್ವಂತ ಅಕ್ಕನೇನಲ್ಲ, ಇಡೀ ಆಸ್ಪತ್ರೆಗೆ ಅವಳು ಅಕ್ಕ. ರೆಕಾರ್ಡಾದ ಫೈಲುಗಳನ್ನು ನೋಡಿಕೊಳ್ಳುವವನು ಇವನು. ಫೈಲುಗಳ ಬಣ್ಣದ ಚಿತ್ರಗಳನ್ನು ಮೌಸಿನಿಂದ ಎಳೆದಾಡುವ ಕೆಲಸ ಬೇಸರವಾಗಿ ಅವನು ತನ್ನ, ಅಕ್ಕನ ಎರಡೂ ಕಂಪ್ಯೂಟರುಗಳಲ್ಲಿ ಟರ್ಮಿನಲ್ಲಿನೊಳಗೆ ಬರಿಯ ಕೀಗಳಿಂದ ಓಡುವ ಫೈಲ್ ಮ್ಯಾನೇಜರೊಂದನ್ನು ಹಾಕಿದ್ದ: ಕಪ್ಪು ಪರದೆ, ಅದರ ಮೇಲೆ ಬಿಳಿ ಹೆಸರುಗಳು, ಅಷ್ಟೇ. ಬರುವಾಗ ಅದಕ್ಕೆ ಹೆಚ್ಚೇನೂ ಬರುತ್ತಿರಲಿಲ್ಲ. ಬರಿಯ ಗೋಡೆಗಳ ಮನೆಗೆ ಗೂಡು, ಮೊಳೆ, ಕಿಟಕಿ ಸೇರಿಸುತ್ತ ಹೋಗುವವನ ಹಾಗೆ ಅವನು ಅದಕ್ಕೆ ಒಂದೊಂದೇ ಪ್ಲಗಿನ್, ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಮು, ಬರೆದು ಸೇರಿಸಿದ. ಒಂದು ಕೀ ಒತ್ತಿದರೆ ದನಿ ಕೇಳುತ್ತದೆ. ಇನ್ನೊಂದಕ್ಕೆ ದನಿಯ ಏರಿಳಿತ ಚುಕ್ಕಿಗಳಲ್ಲಿ ಮೂಡುತ್ತದೆ. ಮತ್ತೊಂದು, ಮಾತಿನ ಹಿಂದೆ ಮುಂದೆ ಉಳಿದ ಮೌನವನ್ನು ಕತ್ತರಿಸಿ ಹಾಕುತ್ತದೆ. ಇವನ್ನು ಬರೆದ ದಿನಗಳಲ್ಲಿ ಅವನಿಗೆ ಸಿಕ್ಕ ಸುಖವನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಮೆಚ್ಚಬೇಕಾದವರ ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಅಕ್ಕ ಮಾತ್ರ, "ನಿನ್ನ ಕಪ್ಪುಹಲಗೆ ಇವತ್ತು ಹುಷಾರಾಗಿದೆಯೇನೋ?" ಎಂದು ನಗುತ್ತಿದ್ದಳು.

ಅಳಿಸುವ ಕಮಾಂಡೂ ಅವನದೇ. ಗುರುತು ಹಾಕಿದ ಫೈಲುಗಳಿದ್ದರೆ ಅದು ಅವನ್ನು ಅಳಿಸುತ್ತದೆ. ಗುರುತೇ ಇಲ್ಲದಿದ್ದರೆ ಮಾತ್ರ ಕರ್ಸರ್ ನಿಂತಿರುವ ಒಂದನ್ನು. ಗುರುತು ಹಾಕಿ ಇನ್ನೊಂದು ಫೋಲ್ಡರಿಗೆ ಹೋದರೂ ಗುರುತು ಉಳಿದಿರುತ್ತದೆ, ಆದರೆ ಕಣ್ಣ ಮುಂದಿರುವುದಿಲ್ಲ. ಎಷ್ಟು ಗುರುತಿದೆ ಎಂದು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಇರುತ್ತಿತ್ತು. ಕಣ್ಣಿಗೆ ಚುಚ್ಚುತ್ತದೆ ಎಂದು ಅವನೇ ಅದಕ್ಕೆ ಬೂದು ಬಣ್ಣ ಹಚ್ಚಿದ್ದ. ಮೊದಮೊದಲು ಆ ಕಮಾಂಡು ಒಂದು ಪ್ರಶ್ನೆಯನ್ನೂ ಕೇಳುತ್ತಿತ್ತು: ಅಳಿಸಲೇ? ಖಚಿತವೇ? ಕೆಮ್ಮು, ಕುರ್ಚಿಯ ಕಿರಕಿರ, ಅರ್ಧಕ್ಕೆ ನಿಂತ ವಾಕ್ಯ, ಹೀಗೆ ಎಸೆಯಬೇಕಾದದ್ದು ದಿನಕ್ಕೆ ರಾಶಿ ರಾಶಿ ಇರುವಾಗ ಪ್ರತಿ ಸಲವೂ ಅದೇ ಪ್ರಶ್ನೆ. ಬಾಗಿಲು ಹಾಕಿದ್ಯಾ, ಸರಿಯಾಗಿ ಹಾಕಿದ್ಯಾ, ಎಳೆದು ನೋಡಿದ್ಯಾ, ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬಂದವನಿಗೆ ಅದು ಅಪ್ಪನ ದನಿಯಲ್ಲೇ ಕೇಳುತ್ತಿತ್ತು. ಒಂದು ದಿನ ಆ ಸಾಲನ್ನು ಕಿತ್ತು ಹಾಕಿದ. ಕಿತ್ತು ಹಾಕಿ, ಯಾರನ್ನೋ ಎದುರಿಸಿ ಗೆದ್ದ ಹಾಗೆ ಎದ್ದು ಹೋಗಿ ಚಹಾ ಕುಡಿದಿದ್ದ.

ನಿನ್ನೆ ಅಕ್ಕ, ಹಾಗೆ ದನಿ ಕೂಡಿಡಲು ಬಂದಿದ್ದ ಶಾಲೆಯ ಮೇಷ್ಟರೊಬ್ಬರ ರೆಕಾರ್ಡಿಂಗ್ ಮುಗಿಸಿದ್ದಳು. ಪ್ರತಿಯೊಂದನ್ನೂ ಕೇಳುತ್ತ ಚೆನ್ನಾಗಿ ಬಂದದ್ದಕ್ಕೆ ಗುರುತು ಹಾಕುವುದು, ಎಲ್ಲ ಮುಗಿದ ಮೇಲೆ ಒಂದೇ ಕೀಯಿಂದ ಅಷ್ಟನ್ನೂ ಇನ್ನೊಂದು ಡಿಸ್ಕಿಗೆ ಕಾಪಿ ಮಾಡುವುದು, ಇದು ಅವಳ ರೂಢಿ. ಗುರುತು ಹಾಕಿ ಮುಗಿಸುವ ಹೊತ್ತಿಗೆ ವಾರ್ಡಿನಿಂದ ಫೋನು ಬಂತು. ಏಳುತ್ತ ಏನೋ ಅಂದಳಲ್ಲ. ಏನಂದಳು? ನೊರೆ ಒಣಗಿ ಕೆನ್ನೆ ಬಿಗಿಯುತ್ತಿತ್ತು. "ಅದು ಹಾಗೇ ಇರ್ಲಿ, ಬಂದು ಮುಗಿಸ್ತೀನಿ." ಹಾಗೇ ಇರಲಿ. ಅವನು ಕೂತದ್ದು ಅದೇ ಕುರ್ಚಿಯಲ್ಲಿ, ಅದೇ ಪರದೆಯಲ್ಲಿ ತನ್ನ ಪರೀಕ್ಷೆಯ ಫೋಲ್ಡರಿಗೆ ಹೋದ, ತಾನು ಮೈಕು ತಟ್ಟಿ ಮಾಡಿದ್ದ ಒಂದು ಸದ್ದನ್ನು ಅಳಿಸಲು. ಅದು ಮೊದಲ ಸಲಕ್ಕೆ ಅಳಿಯಲಿಲ್ಲ. ಅಕ್ಕ ಹಾಕಿದ್ದ ಗುರುತುಗಳು ಆಗ ಹಾಗೇ ಇದ್ದವು.

ಫೋನು ಸಿಂಕಿನ ಪಕ್ಕದಲ್ಲೇ ಇತ್ತು. ಮೇಷ್ಟರದು ಇವತ್ತಿನ ಮೊದಲ ಆಪರೇಷನ್. ಇಷ್ಟು ಹೊತ್ತಿಗೆ ಹಸಿರು ಬಟ್ಟೆ ಹಾಕಿಸಿ ಕೂರಿಸಿರುತ್ತಾರೆ. ಇನ್ನೂ ಒಳಗೆ ಕರೆದುಕೊಂಡಿರಲಾರರು. ವಾರ್ಡಿಗೆ ಫೋನು ಮಾಡಿ, ಸ್ವಲ್ಪ ತಡೀರಿ, ಅವರನ್ನ ಕೆಳಗೆ ಕಳಿಸಿ, ಇನ್ನೊಂದು ಸಲ ಮಾತಾಡಿಸ್ಬೇಕು, ಎನ್ನಬೇಕು. ಎನ್ನಲು ಅವನು ಯಾರು? ನೆಲಮಾಳಿಗೆಯ ಫೈಲಿನವನು. ಡಾಕ್ಟರು, ಅರಿವಳಿಕೆಯವರು, ನರ್ಸುಗಳು, ಅಷ್ಟು ಜನ ಕೈ ತೊಳೆದುಕೊಂಡು ನಿಂತಿರುವಾಗ, ಯಾಕಪ್ಪಾ ಎಂದರೆ, ಒಂದು ಕೀ ಎರಡು ಸಲ ಒತ್ತಿದ್ದೆ ಸಾರ್, ಎನ್ನುವುದೇ? ಆಮೇಲೆ ಹೋಗಿ ನೋಡಿದರೆ ಎಲ್ಲ ಇದ್ದಲ್ಲೇ ಇದ್ದುಬಿಟ್ಟರೆ? ಅಕ್ಕ ಕಾಪಿ ಮಾಡಿಯೇ ಎದ್ದಿದ್ದರೆ? ಕ್ಯಾಂಟೀನಿನಲ್ಲಿ ವರ್ಷವಿಡೀ ಅದೇ ಮಾತಾಗುತ್ತದೆ. ಮೊದಲು ನೋಡಬೇಕು. ಖಚಿತವಾಗಬೇಕು. ಅವನು ಫೋನನ್ನು ತಲೆಕೆಳಗು ಮಾಡಿ ಇಟ್ಟು, ಉಳಿದ ಅರ್ಧ ಗಡ್ಡವನ್ನು ಎಂದಿಗಿಂತ ನಿಧಾನವಾಗಿ ಕೆರೆದುಕೊಂಡ. ಗಂಟಲ ಮೇಲೆ ರೇಜರು ಇಳಿಯುವಾಗ ಅಲ್ಲಿ ಏನೋ ಏರಿ ಇಳಿಯಿತು.

"ಗೀಸರ್ ಆಫ್ ಮಾಡಿದ್ಯಾ?" ಹೊರಗಿನಿಂದ ಅಪ್ಪ.

"ಮಾಡಿದೀನಿ."

"ನೋಡಿ ಹೇಳ್ತಿದ್ಯೋ, ಸುಮ್ನೆ ಹೇಳ್ತಿದ್ಯೋ?"

ಎಂದಿನಂತೆ ರೇಗಲಿಲ್ಲ. ಬಾಗಿಲು ಹಾಕಿಕೊಂಡು ಮೆಟ್ಟಿಲಿಳಿದವನು ಕೆಳಗಿನಿಂದ ಮತ್ತೆ ಹತ್ತಿ ಬಂದು ಗೀಸರಿನ ಸ್ವಿಚ್ಚು ನೋಡಿದ. ಆಫಾಗಿತ್ತು. ಅಪ್ಪ ಪೇಪರು ಇಳಿಸಿ ಅವನನ್ನೇ ದಿಟ್ಟಿಸಿ, "ಏನೋ ಇವತ್ತು ನನ್ನ ಮಗನ ಥರಾ ಆಡ್ತಿದೀಯ," ಎಂದರು. ಅವರಿಗೆ ಅದರಿಂದ ಸಂತೋಷವಾಗಿತ್ತು. ಮತ್ತೆ ಮೆಟ್ಟಿಲಿಳಿಯುವಾಗ ತಾನು ಹತ್ತಿ ಬಂದದ್ದು ಗೀಸರಿಗಾಗಿ ಆಗಿರಲಿಲ್ಲ, ಒಂದು ಬಸ್ಸು ತಪ್ಪಿಸಿ ಮುಂದಿನದನ್ನು ಹಿಡಿಯಲು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಮಾತ್ರ ತಿಳಿದುಕೊಳ್ಳದೆ ಬಸ್ಸು ಹತ್ತಿದ.

ಬಸ್ಸಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಇಷ್ಟೊಂದು ಜನ ಇಷ್ಟು ಸಲೀಸಾಗಿ, ಬೇಕಾಬಿಟ್ಟಿ, ಗಂಟಲಿನಿಂದ ದನಿ ತೆಗೆದು ಚೆಲ್ಲುತ್ತಿದ್ದಾರೆ ಎಂದು ಅವನಿಗೆ ಅದುವರೆಗೆ ಅನ್ನಿಸಿರಲಿಲ್ಲ. ಮೇಷ್ಟರು ಹಾಗೆ ಚೆಲ್ಲುವವರಾಗಿರಲಿಲ್ಲ. ನಿನ್ನೆ ಮೈಕಿನ ಮುಂದೆ ಕೂತು ಒಂದೊಂದು ಮಾತಿಗೂ ಮುನ್ನ ಉಗುಳು ನುಂಗಿ, ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಿದ್ದರು. ದನಿ ಆಗಲೇ ಹರಿದಿತ್ತು, ಆದರೆ ಅದರ ಅಂಚು ಗಟ್ಟಿಯಾಗಿತ್ತು. ಕೊಟ್ಟ ವಾಕ್ಯಗಳು ಮುಗಿದ ಮೇಲೆ ತಮ್ಮದೇ ಕೆಲವನ್ನು ಸೇರಿಸಿದರು: ಮಗಳನ್ನು ಕರೆಯುವ ಮುದ್ದಿನ ಹೆಸರು, ಅಳಿಯನನ್ನು ಛೇಡಿಸುವ ಒಂದು ಮಾತು, ತೀರಿಹೋದ ಹೆಂಡತಿಯನ್ನು ಕರೆಯುತ್ತಿದ್ದ ಬಗೆ. "ಅವಳಿಲ್ಲ, ಆದ್ರೂ ಇರ್ಲಿ, ಒಂದೊಂದು ಸಲ ಕರೀಬೇಕು ಅನ್ಸುತ್ತೆ," ಎಂದಿದ್ದರು. ನಡುವೆ ಕೆಮ್ಮು ಬಂದು ಸುಧಾರಿಸಿಕೊಳ್ಳುತ್ತ ಅಕ್ಕನ ಪರದೆಯತ್ತ ಬಗ್ಗಿ, "ಓ, ಇದು ನಮ್ಮ ಬೋರ್ಡೇ. ಕಪ್ಪಿನ ಮೇಲೆ ಬಿಳಿ," ಎಂದು ನಕ್ಕಿದ್ದರು. ಬಾಗಿಲ ಬಳಿ ನಿಂತಿದ್ದ ಇವನನ್ನು ತೋರಿಸಿ ಅಕ್ಕ, "ಇವನೇ ಸಾರ್ ಮಾಡಿದ್ದು," ಎಂದಳು. ಅವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಪರವಾಗಿಲ್ಲ ಎನ್ನುವ ಹಾಗೆ ತಲೆ ಆಡಿಸಿದರು. ಆ ತಲೆಯಾಟದ ಖುಷಿ ಮಧ್ಯಾಹ್ನದವರೆಗೂ ಅವನಲ್ಲಿತ್ತು. ಅಕ್ಕನ ಕುರ್ಚಿಯಲ್ಲಿ ಹೋಗಿ ಕೂತಾಗಲೂ ಇತ್ತು.

ನೆಲಮಾಳಿಗೆಯ ಬೀಗ ತೆಗೆದು ದೀಪ ಹಾಕಿ, ಚೀಲವನ್ನೂ ಇಳಿಸದೆ ಅಕ್ಕನ ಪರದೆಯನ್ನು ಎಬ್ಬಿಸಿದ. ಮೇಷ್ಟರ ಫೋಲ್ಡರಿನಲ್ಲಿ ಒಂದೇ ಒಂದು ಹೆಸರು ಇತ್ತು. ಇನ್ನೊಂದು ಡಿಸ್ಕಿನಲ್ಲಿ ಆ ಫೋಲ್ಡರೇ ಇರಲಿಲ್ಲ. ಕಂಪ್ಯೂಟರಿನ ಕಸದ ಬುಟ್ಟಿ ನೋಡುವ ಮಾತೇ ಇಲ್ಲ. ದನಿಯ ಫೈಲುಗಳು ಬುಟ್ಟಿ ತುಂಬಿ ಜಾಗ ತಿನ್ನುತ್ತವೆಂದು ಅವನ ಕಮಾಂಡು ಬುಟ್ಟಿಗೆ ಹಾಕದೆ ನೇರವಾಗಿ ಅಳಿಸುತ್ತಿತ್ತು. ಅಳಿಸಿದ್ದನ್ನು ಕೆದಕಿ ತೆಗೆಯುವ ಸಾಧನಗಳನ್ನು ಒಂದಾದ ಮೇಲೊಂದು ಓಡಿಸಿದ. ಖಾಲಿಯಾದ ಜಾಗವನ್ನು ಆಗಿಂದಾಗಲೇ ತೊಳೆದಿಡುವ ಜಾತಿಯ ಡಿಸ್ಕು ಅದು. ಬೇಗ ಓಡುತ್ತದೆ ಎಂದು ಹಟ ಹಿಡಿದು ತರಿಸಿದವನೂ ಅವನೇ. ಎಲ್ಲ ಸಾಧನಗಳೂ ಒಂದೇ ಉತ್ತರ ಕೊಟ್ಟವು. ಗೋಡೆಯ ಫೋನು ಎದುರಿಗೇ ಇತ್ತು. ಅದನ್ನು ಎತ್ತಿ ಆಪರೇಷನ್ ಥಿಯೇಟರಿನ ನಂಬರು ಒತ್ತಿದ. "ಮೊದಲ್ನೇದು ಶುರುವಾಯ್ತಾ?" "ಆಗ್ಲೇ ಒಳಗೆ ಹೋಯ್ತು. ಯಾರು ಮಾತಾಡ್ತಿರೋದು?" ಅವನು ಫೋನು ಇಟ್ಟ. ಹೆದರಿಕೆಯ ಅಡಿಯಲ್ಲೆಲ್ಲೋ ಒಂದು ಸಣ್ಣ, ಹೊಲಸು ನೆಮ್ಮದಿ ಮೂಡಿತು: ಇನ್ನು ಮಾಡುವಂಥದ್ದು ಏನೂ ಇಲ್ಲ. ಆ ನೆಮ್ಮದಿಯನ್ನು ಕಂಡು ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಅಕ್ಕ ಚಹಾದ ಲೋಟ ಹಿಡಿದುಕೊಂಡು ಬಂದಳು. "ಏನೋ, ಇವತ್ತು ನಾನೇ ಲೇಟಾಗಿಬಿಟ್ಟೆ. ಸೂರ್ಯ ಯಾವ ಕಡೆ ಹುಟ್ಟಿದ್ನಪ್ಪಾ. ನಿನ್ನೆ ನೋಡು, ಆ ವಾರ್ಡಲ್ಲೇ ಸಂಜೆ ಆಗೋಯ್ತು. ಮೇಷ್ಟ್ರಿಗೆ ಭಯ, ತೋರಿಸ್ಕೊಳಲ್ಲ. ಕೂತ್ಕೊಂಡು ಅವರ ಶಾಲೆ ಕಥೆ ಎಲ್ಲಾ ಕೇಳಿದೆ. ಇದೊಂದು ಕಾಪಿ ಮಾಡ್ಬಿಡ್ತೀನಿ." ಅವನು ತನ್ನ ಮೇಜಿಗೆ ಹೋಗಿ ಬೆನ್ನು ತಿರುಗಿಸಿ ಕೂತಿದ್ದ. ಈಗ ಹೇಳಬಹುದು. ಅವಳು ಕುರ್ಚಿ ಎಳೆದಳು. ಈಗ. ಲೋಟ ಮೇಜಿನ ಮೇಲೆ ಕೂತ ಸದ್ದು. ಈಗಲೂ ತಡವಾಗಿಲ್ಲ. ಕೀಗಳ ಸದ್ದು ಬಂದು, ನಿಂತು, ಮತ್ತೆ ಬಂತು.

"ಬಾರೋ ಇಲ್ಲಿ. ಇದು ಯಾಕೆ ಹಿಂಗೆ ತೋರಿಸ್ತಿದೆ?"

ಅವನು ಹೋಗಿ ಅವಳ ಹಿಂದೆ ನಿಂತು, ಮೊದಲ ಸಲ ನೋಡುವವನಂತೆ ನೋಡಿದ. ಅಷ್ಟು ಚೆನ್ನಾಗಿ ನಟಿಸಲು ತನಗೆ ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಅವಳ ಕೈ ಕೀಬೋರ್ಡಿನ ಮೇಲೆ ಗಾಳಿಯಲ್ಲೇ ನಿಂತಿತ್ತು. ಕಾಪಿಯ ಕೀ, ಅಳಿಸುವ ಕೀ, ಎರಡೂ ಅಕ್ಕಪಕ್ಕ. ಬೆರಳಿಗೆ ಹತ್ತಿರವಾಗಲಿ ಎಂದು ಹಾಗೆ ಜೋಡಿಸಿದ್ದ. ಅವಳ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗಿ ಬಂತು. "ಅಯ್ಯೋ," ಎಂದಳು ಮೆಲ್ಲಗೆ. "ಫೋನ್ ಬಂತಲ್ಲ. ಏಳೋ ಗಡಿಬಿಡೀಲಿ ಕೈ ತಾಗಿ ಅಳಿಸೋದನ್ನ ಒತ್ತಿಬಿಟ್ಟಿದೀನಿ ಕಣೋ. ಒತ್ತಿದೀನಿ. ಇಲ್ದಿದ್ರೆ ಎಲ್ಲಿಗೆ ಹೋಗುತ್ತೆ?" ಅವಳು ಅವನತ್ತ ತಿರುಗಿದಳು. "ತೆಗೆಯೋಕಾಗುತ್ತಾ? ನೀನು ತೆಗೀತೀಯ ಅಲ್ವಾ? ನೀನು ಎಲ್ಲಾ ಮಾಡಿದೀಯ." "ನೋಡ್ತೀನಿ ಅಕ್ಕಾ," ಎಂದ. ಆಗಲೇ ನೋಡಿ ಮುಗಿಸಿದ್ದನ್ನು ಅವಳೆದುರು ಮತ್ತೊಮ್ಮೆ, ಅದೇ ಸಾಧನಗಳನ್ನು ಅದೇ ಕ್ರಮದಲ್ಲಿ ಓಡಿಸಿ, ಪ್ರತಿ ಸಲವೂ ಹಣೆ ಗಂಟಿಕ್ಕಿ ನೋಡಿದ. ಅವಳ ಚಹಾ ಕೆನೆಗಟ್ಟಿತು.

ದೊಡ್ಡ ಡಾಕ್ಟರು ಮಧ್ಯಾಹ್ನ ಇಬ್ಬರನ್ನೂ ಕರೆಸಿದರು. ಅವರ ಕೋಣೆಯಲ್ಲಿ ಎರಡು ಕುರ್ಚಿ ಖಾಲಿಯಿದ್ದರೂ ಕೂರಲು ಹೇಳಲಿಲ್ಲ. ಅಕ್ಕ, ಯಾರೂ ಕೇಳುವ ಮೊದಲೇ, "ನನ್ನ ಕೈತಪ್ಪು ಸಾರ್," ಎಂದುಬಿಟ್ಟಳು. ಡಾಕ್ಟರು ಅವಳನ್ನು ಬಿಟ್ಟು ಇವನತ್ತ ತಿರುಗಿದರು. "ನಿಮ್ಮ ಆ ಕಪ್ಪು ಪರದೆ ಇದೆಯಲ್ಲಾ, ಅದು ತಾನಾಗೇ ಹೀಗೆ ಮಾಡೋ ಸಾಧ್ಯತೆ ಏನಾದ್ರೂ ಇದೆಯಾ?" ಅವರು ಬೆರಳಿಟ್ಟದ್ದು ಎಲ್ಲಿ ಎಂಬುದು ಅವರಿಗೇ ಗೊತ್ತಿರಲಿಲ್ಲ. ಕಾಲಿನ ಕೆಳಗಿನ ನೆಲಗಂಬಳಿಯಲ್ಲಿ ಒಂದು ದಾರ ಕಿತ್ತು ಬಂದಿತ್ತು. ಅದನ್ನು ಬೂಟಿನ ತುದಿಯಿಂದ ಒತ್ತಿ ಹಿಡಿದು ಅವನು ಹೇಳಿದ: "ತಾನಾಗೇ ಏನೂ ಮಾಡಲ್ಲ ಸಾರ್. ಯಾರಾದ್ರೂ ಒತ್ತಿದ್ರೆ ಮಾತ್ರ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಕ್ಕನ ತಲೆ ಇನ್ನಷ್ಟು ಬಗ್ಗಿತು. ಹೊರಗೆ ಬಂದ ಮೇಲೆ ಅವಳು ಅವನ ತೋಳನ್ನು ತಟ್ಟಿ, "ನೀನು ಯಾಕೋ ಇಷ್ಟೊಂದು ಬೆವರ್ತಿದೀಯ? ಬೈಸ್ಕೊಂಡಿದ್ದು ನಾನು," ಎಂದಳು.

ಉಳಿದ ಒಂದು ಫೈಲನ್ನು ಅಕ್ಕ ಸಂಜೆ ಮೇಷ್ಟರ ಮಗಳಿಗೆ ಕೇಳಿಸಿದಳು. ಅದು ಉಳಿದದ್ದು ಕೆಟ್ಟಿದ್ದರಿಂದ. ಕೆಮ್ಮು ನಗು ಎಲ್ಲ ಬೆರೆತದ್ದೆಂದು ಅಕ್ಕ ಅದಕ್ಕೆ ಗುರುತು ಹಾಕಿರಲಿಲ್ಲ. ಮಗಳು ದಪ್ಪ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ಅದನ್ನು ಕಳಚಿ, "ಜೋರಾಗಿ ಹಾಕಿ," ಎಂದಳು. ಕೋಣೆಯಲ್ಲಿ ಮೊದಲು ಕೆಮ್ಮು. ಅಕ್ಕನ ನಗು. ಆಮೇಲೆ ಆ ಹರಿದ, ಅಂಚು ಗಟ್ಟಿಯಿರುವ ದನಿ: "ನಾನು ಒರೆಸೋಕೆ ಮುಂಚೆ ಕೇಳ್ತಿದ್ದೆನಮ್ಮ. ಡಸ್ಟರ್ ಹಿಡ್ಕೊಂಡು ತಿರುಗಿ ನಿಂತು, ಒರೆಸ್ಲಾ, ಎಲ್ಲಾರೂ ಬರ್ಕೊಂಡ್ರಾ? ಒಬ್ಬ ಇಲ್ಲ ಅಂದ್ರೂ ಒರೆಸ್ತಿರ್ಲಿಲ್ಲ. ಅವನು ಬರೆಯೋವರೆಗೂ ಹಾಗೇ ನಿಂತಿರ್ತಿದ್ದೆ." ಮತ್ತೆ ಕೆಮ್ಮು, ಕುರ್ಚಿಯ ಕಿರಕಿರ. ಕೊನೆಗೆ ಉದ್ದನೆಯ ಮೌನ. ಅವನ ಪ್ಲಗಿನ್ ಇನ್ನೂ ಕತ್ತರಿಸದೆ ಬಿಟ್ಟ ಮೌನ ಅದು. ಅದರಲ್ಲಿ ಅವರು ಉಸಿರಾಡುವುದು ಕೇಳುತ್ತಿತ್ತು. ಮಗಳು ಅಳಲಿಲ್ಲ. "ಇಷ್ಟೇನಾ?" ಎಂದಳು. ಆಮೇಲೆ, "ಇಷ್ಟಾದ್ರೂ ಇದೆಯಲ್ಲ," ಎಂದಳು. ಅವನು ಆ ಹೊತ್ತು ಗೋಡೆಯ ಪ್ಲಗ್ಗಿನ ಮುಂದೆ ಬಗ್ಗಿ ಕೂತು, ಸರಿಯಾಗಿಯೇ ಇದ್ದ ಒಂದು ವಯರನ್ನು ಕಿತ್ತು ಮತ್ತೆ ಚುಚ್ಚುತ್ತಿದ್ದ.

ಮರುದಿನ ಯಾರೂ ಬರುವ ಮೊದಲೇ ಬಂದು ಅವನು ಎರಡೂ ಕಂಪ್ಯೂಟರುಗಳ ಕಮಾಂಡಿನಲ್ಲಿ ಆ ಸಾಲನ್ನು ಮತ್ತೆ ಹಾಕಿದ. ಅಳಿಸಲೇ? ಖಚಿತವೇ? ಮೂಲೆಯ ಅಂಕಿಗೆ ಕೆಂಪು ಬಣ್ಣ ಹಚ್ಚಿದ. ಕೀಗಳನ್ನು ದೂರ ದೂರ ಇಟ್ಟ. ಹಾಗೆ ಮಾಡುವಾಗ ನೆಲಕ್ಕಂಟಿದ ಕಲೆಯನ್ನು ತಿಕ್ಕುವವನ ಆತುರ ಅವನ ಕೈಯಲ್ಲಿತ್ತು. ಕೆಲವು ದಿನ ಅಕ್ಕ ಅಳಿಸುವ ಕೆಲಸಕ್ಕೇ ಕೈ ಹಾಕಲಿಲ್ಲ. ಅವಳನ್ನು ಮೇಲಿನ ಚೀಟಿ ಕೌಂಟರಿಗೆ ಹಾಕುತ್ತಾರೆಂದು ಸುದ್ದಿ ಬಂದ ದಿನ ತನ್ನ ಹಳೆಯ ತುಣುಕುಗಳನ್ನೆಲ್ಲ ಒಪ್ಪ ಮಾಡಿಟ್ಟು ಹೋಗಲು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೀಗಳ ಸದ್ದು ನಿಂತಿತು. ಅವನ ಬೆನ್ನು ಅದನ್ನು ಕೇಳಿಸಿಕೊಂಡಿತು.

"ಇದು ಈಗ ಕೇಳ್ತಿದೆಯಲ್ಲೋ. ಖಚಿತವಾ ಅಂತ."

"ಹೂಂ ಅಕ್ಕಾ. ಹೊಸದಾಗಿ ಹಾಕಿದೆ."

"ಮುಂಚೆ ಕೇಳ್ತಿರ್ಲಿಲ್ಲ."

"ಇಲ್ಲ."

ತಿರುಗಿ ನೋಡಿದರೆ ಅವಳ ಮುಖದಲ್ಲಿ ಏನು ಕಾಣುವುದೋ ಎಂದು ಅವನು ಪರದೆಯನ್ನೇ ನೋಡುತ್ತ ಕೂತ. ಕಪ್ಪು ಗಾಜಿನಲ್ಲಿ ಅವಳ ಆಕಾರವಷ್ಟೇ ಇತ್ತು, ಮುಖವಿರಲಿಲ್ಲ. "ಒಳ್ಳೇದು ಮಾಡ್ದೆ," ಎಂದಳು. "ನನ್ನಂಥ ಕೈ ನಡುಗೋರಿಗೆ ಬೇಕು ಅದು." ಅವಳ ಕೈ ಯಾವತ್ತೂ ನಡುಗುತ್ತಿರಲಿಲ್ಲ. ಅವಳಿಗೆ ತಿಳಿದುಹೋಗಿದೆಯೋ, ಇಲ್ಲ ತನ್ನ ಮೇಲಿನ ಅನುಮಾನವೇ ಅವಳಿಗೆ ಅಭ್ಯಾಸವಾಗಿಬಿಟ್ಟಿದೆಯೋ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ಮೇಷ್ಟರು ಮನೆಗೆ ಹೋಗುವ ಮುನ್ನ ಅಕ್ಕ ಅವನನ್ನೂ ಎಳೆದುಕೊಂಡು ವಾರ್ಡಿಗೆ ಹೋದಳು. ಕತ್ತಿನ ಬುಡದಲ್ಲಿ ಹತ್ತಿಯ ತೆಳುವಾದ ಬಟ್ಟೆಯ ಹಿಂದೆ ಉಸಿರು ಒಳಗೆ ಹೊರಗೆ ಆಡುತ್ತಿತ್ತು. ತೊಡೆಯ ಮೇಲೆ ಬರೆದು ಒರೆಸುವ ಬಿಳಿ ಹಲಗೆ. ಅಕ್ಕ ಅವರ ಕೈ ಹಿಡಿದು, "ತಪ್ಪಾಯ್ತು ಸಾರ್, ನನ್ನಿಂದ ಹೀಗಾಯ್ತು," ಎಂದು ಅತ್ತಳು. ಅವರು ಕೈ ಬಿಡಿಸಿಕೊಂಡು ಬರೆದರು: ಹೋಗ್ಲಿ ಬಿಡಮ್ಮ, ಹೇಗೂ ಯಾರೂ ನನ್ನ ಮಾತು ಕೇಳ್ತಿರ್ಲಿಲ್ಲ. ಪಕ್ಕದಲ್ಲಿದ್ದ ಮಗಳು ಓದಿ ನಕ್ಕಳು. ಅಕ್ಕನೂ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಆಮೇಲೆ ಮೇಷ್ಟರು ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು, ಹಲಗೆಯನ್ನು ಅವನ ಕಡೆಗೆ ತಿರುಗಿಸಿ, ಹುಬ್ಬು ಎತ್ತಿ ಕಾದರು. ಓದಿಯಾಯ್ತಾ ಎಂದಷ್ಟೇ ಅವರು ಕೇಳುತ್ತಿದ್ದದ್ದು. ಇಷ್ಟು ಕಾಲ ತರಗತಿಯ ಕೊನೆಯ ಬೆಂಚಿನವನಿಗಾಗಿ ಕಾದ ಹಾಗೆಯೇ, ಆತುರವಿಲ್ಲದೆ, ಅವನು ಆಯಿತು ಎನ್ನುವವರೆಗೂ ಒರೆಸದೆ ಕಾಯುತ್ತಿದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನ ಗಂಟಲಿನಲ್ಲಿ ದನಿ ಇತ್ತು. ಪೂರ್ತಿ ಇತ್ತು.

"ಆಯ್ತು ಸಾರ್," ಎಂದ. ಅವರು ಒರೆಸಿದರು.

ಮುಂದಿನ ವಾರ ಅಕ್ಕ ಮೇಲಿನ ಕೌಂಟರಿಗೆ ಹೋದಳು. ಕ್ಯಾಂಟೀನಿನಲ್ಲಿ ಸಿಕ್ಕಾಗಲೆಲ್ಲ, "ಹೇಗಿದೆಯೋ ಕಪ್ಪುಹಲಗೆ?" ಎನ್ನುತ್ತಾಳೆ, ಅವನು, "ಚೆನ್ನಾಗಿದೆ ಅಕ್ಕಾ," ಎನ್ನುತ್ತಾನೆ. ಒತ್ತಿದವನು ತಾನು ಎಂದು ಅವನು ಅವಳಿಗೆ ಹೇಳಲಿಲ್ಲ. ಆ ಬೆಳಿಗ್ಗೆ ಕನ್ನಡಿಯ ಮುಂದೆ ತನಗೆ ಎಲ್ಲ ಹೊಳೆದಾಗ ಮೇಷ್ಟರು ಇನ್ನೂ ಮಾತಾಡಬಲ್ಲವರಾಗಿದ್ದರು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.